‘ಯಾಕೆ ಬಿಟ್ಟು ಬರಲಿಲ್ಲ?’ ಎಂದು ಕೇಳುವ ಮೊದಲು
(ಸ್ವಸಹಾಯ ಸಂಘಗಳ ಸಮಾವೇಶದಲ್ಲಿ ಆಡಿದ ಮಾತು)



ಗಂಡನ ಮನೆಯಲ್ಲಿ ಪೆಟ್ಟು ತಿಂದ ಹೆಣ್ಣಿನ ಸುದ್ದಿ ಕಿವಿಗೆ ಬಿದ್ದಾಗ ನಾವೇ ಮೊದಲು ಆಡುವ ಮಾತೊಂದಿದೆ: ‘ಅಷ್ಟು ಹೊಡೆಸಿಕೊಂಡು ಅಲ್ಲೇ ಯಾಕಿದ್ದಳು? ಬಿಟ್ಟು ಬರಬಾರದಿತ್ತೆ?’ ನಾನು ಹೋದ ಸಂಘಗಳಲ್ಲೆಲ್ಲ ಇದನ್ನು ಕೇಳಿದ್ದೇನೆ. ಮನಃಶಾಸ್ತ್ರ ಇದಕ್ಕೆ ಕಾಲಕಾಲಕ್ಕೆ ಕೊಟ್ಟ ಉತ್ತರಗಳನ್ನು ಇವತ್ತು ನಿಮ್ಮ ಮುಂದಿಡುತ್ತೇನೆ.

ಹಳೆಯ ಉತ್ತರ ಕೇಳಿದರೆ ಮೈ ಉರಿಯುತ್ತದೆ. 1964ರಲ್ಲಿ ಅಮೆರಿಕದ ಮನೋವೈದ್ಯ ಪತ್ರಿಕೆಯೊಂದರಲ್ಲಿ ಹೆಂಡತಿಯನ್ನು ಹೊಡೆಯುವವರ ಬಗ್ಗೆ ಲೇಖನ ಬಂತು. ಹೊಡೆದವನು ಗಂಡ, ದೋಷ ಹುಡುಕಿದ್ದು ಹೆಂಡತಿಯ ಸ್ವಭಾವದಲ್ಲಿ! ಹೆಂಗಸಿಗೆ ಒಳಗೊಳಗೇ ನೋವು ಬೇಕಾಗಿರುತ್ತದೆ ಎಂದು ನಂಬಿದ ವೈದ್ಯರೂ ಆಗ ಇದ್ದರು.

ಮಹಿಳಾ ಚಳವಳಿ ಬೆಳೆದ ಮೇಲೆ ಸಂಶೋಧಕಿಯರು ಪೆಟ್ಟು ತಿಂದವರನ್ನೇ ಮಾತಾಡಿಸಿದರು. ಅವರಲ್ಲೊಬ್ಬರು ಲೆನೋರ್ ವಾಕರ್. ಹಿಂಸೆಗೆ ಒಂದು ಸುತ್ತು ಇದೆ ಎಂದು 1979ರ ತಮ್ಮ ಪುಸ್ತಕದಲ್ಲಿ ಅವರು ತೋರಿಸಿದರು. ಮೊದಲು ಬಿಗುವು, ಮಾತುಮಾತಿಗೂ ಸಿಡುಕು. ಆಮೇಲೆ ಹೊಡೆತ. ಆಮೇಲೆ ‘ತಪ್ಪಾಯಿತು, ಇನ್ನು ಕೈ ಎತ್ತುವುದಿಲ್ಲ’ ಎಂಬ ಕಣ್ಣೀರು. ನಮ್ಮ ಕಡೆಯಾದರೆ ಜೊತೆಗೊಂದು ಮೊಳ ಮಲ್ಲಿಗೆ. ಅದನ್ನು ನಂಬಿ ಅವಳು ಉಳಿಯುತ್ತಾಳೆ, ಸುತ್ತು ಮತ್ತೆ ಶುರುವಾಗುತ್ತದೆ. ಎಲ್ಲ ಮನೆಗಳಲ್ಲೂ ಹೀಗೇ ಎಂದಲ್ಲ. ಕೆಲವು ಕಡೆ ಆ ಕಣ್ಣೀರೂ ಇರುವುದಿಲ್ಲ.

ಏನು ಮಾಡಿದರೂ ಪೆಟ್ಟು ತಪ್ಪದಾದಾಗ ಹೆಣ್ಣು ಅಸಹಾಯಕತೆಯನ್ನೇ ಕಲಿತುಬಿಡುತ್ತಾಳೆ ಎಂದೂ ವಾಕರ್ ಹೇಳಿದರು. ಇದಕ್ಕೆ ಆಧಾರ, 1967ರಲ್ಲಿ ಸೆಲಿಗ್‌ಮನ್ ಮತ್ತು ಮೇಯರ್ ಎಂಬ ವಿಜ್ಞಾನಿಗಳು ನಾಯಿಗಳ ಮೇಲೆ ನಡೆಸಿದ ಪ್ರಯೋಗ. ತಪ್ಪಿಸಿಕೊಳ್ಳಲು ಆಗದಂತೆ ಕರೆಂಟು ಹೊಡೆಸಿಕೊಂಡ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ದಾರಿ ಇದ್ದರೂ ಏಳದೆ ಮಲಗಿಬಿಟ್ಟವು.

ಆದರೆ ಹೆಂಗಸರು ಹಾಗೆ ಮಲಗಿಬಿಡುತ್ತಾರೆಯೇ? ಗೊಂಡಾಲ್ಫ್ ಮತ್ತು ಫಿಶರ್ ಎಂಬ ಸಂಶೋಧಕರು ಟೆಕ್ಸಾಸ್ ರಾಜ್ಯದ 50 ಆಶ್ರಯಧಾಮಗಳಿಗೆ ಬಂದ 6,000ಕ್ಕೂ ಹೆಚ್ಚು ಹೆಂಗಸರ ಹೇಳಿಕೆಗಳನ್ನು ನೋಡಿ 1988ರಲ್ಲಿ ಪುಸ್ತಕ ಬರೆದರು. ಹಿಂಸೆ ಹೆಚ್ಚಿದಷ್ಟೂ ಈ ಹೆಂಗಸರು ಹೆಚ್ಚು ಬಾಗಿಲು ತಟ್ಟಿದ್ದರು. ಅಸಹಾಯಕವಾಗಿದ್ದದ್ದು ಬಾಗಿಲ ಒಳಗಿದ್ದವರು! ಬಿಟ್ಟು ಹೋಗಲು ಅವರಿಗೆ ಬಲ ಕೊಟ್ಟದ್ದು ಸ್ವಂತ ಆದಾಯ, ಓಡಾಟಕ್ಕೆ ವಾಹನ, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ.

ನಮ್ಮ ಪಕ್ಕದ ಕೇರಳಕ್ಕೆ ಬನ್ನಿ. ತಿರುವನಂತಪುರ ಜಿಲ್ಲೆಯಲ್ಲಿ ಪ್ರದೀಪ್ ಪಂಡಾ ಮತ್ತು ಬೀನಾ ಅಗರ್‌ವಾಲ್ ನಡೆಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಆಸ್ತಿಯಿಲ್ಲದ ಹೆಂಗಸರಲ್ಲಿ ನೂರಕ್ಕೆ 49 ಮಂದಿ ಗಂಡನಿಂದ ಪೆಟ್ಟು ತಿಂದಿದ್ದರು. ಮನೆ, ಜಮೀನು ಎರಡೂ ತಮ್ಮ ಹೆಸರಲ್ಲಿದ್ದವರಲ್ಲಿ ನೂರಕ್ಕೆ 7 ಮಂದಿ. ವರದಕ್ಷಿಣೆ ಕೊಟ್ಟ ಮರುದಿನವೇ ಅವರ ಕೈ ಸೇರುತ್ತದೆ. ಮಗಳ ಹೆಸರಿನ ಪಹಣಿ ಮಗಳ ಹತ್ತಿರವೇ ಇರುತ್ತದೆ.

ಇನ್ನೊಂದು ಮಾತು. ಆ ನಾಯಿಗಳ ಪ್ರಯೋಗ ಮಾಡಿದ ಇಬ್ಬರೂ ಸುಮಾರು 50 ವರ್ಷಗಳ ನಂತರ, 2016ರಲ್ಲಿ, ತಮ್ಮ ಸಿದ್ಧಾಂತವನ್ನೇ ತಿರುಗಿಸಿ ಬರೆದರು. ಬಿಡದೆ ಬೀಳುವ ನೋವಿನ ಎದುರು ಸುಮ್ಮನಾಗುವುದು ಮೆದುಳಿಗೆ ಸಹಜವಾಗಿಯೇ ಬರುತ್ತದೆ, ಅದನ್ನು ಯಾರೂ ಕಲಿಯಬೇಕಿಲ್ಲ. ಕಲಿಯಬೇಕಾದದ್ದು, ‘ನನ್ನಿಂದಲೂ ಏನೋ ಆಗುತ್ತದೆ’ ಎಂಬುದನ್ನು.

ಇದನ್ನು ಕಲಿಯುವ ಜಾಗ ಯಾವುದು? ನೀವು ಕೂತಿರುವ ಈ ಸಂಘವೇ. ತನ್ನ ಹೆಸರಿನ ಪಾಸ್‌ಬುಕ್ಕು, ತಾನೇ ಹಾಕಿದ ಸಹಿ, ತಾನೇ ತೀರಿಸಿದ ಸಾಲ, ಎಲ್ಲವೂ ಆ ಪಾಠವೇ. ಸಾಲ ಅವಳ ಹೆಸರಲ್ಲಿ, ದುಡ್ಡು ಗಂಡನ ಜೇಬಲ್ಲಿ ಆದರೆ ಮಾತ್ರ ಆ ಪಾಠ ಕೈಬಿಟ್ಟುಹೋಗುತ್ತದೆ.

ಅವಳು ಬಿಟ್ಟೇ ಬರಬೇಕೆಂದೂ ಇಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನು ಅವಳಿಗೆ ಕೊಟ್ಟಿದೆ. ಹೊರಡುವ ಹೊತ್ತು ಅಪಾಯದ ಹೊತ್ತೂ ಹೌದು, ಆದ್ದರಿಂದ ಅವಸರಪಡಿಸಬೇಡಿ. 181 ಸಹಾಯವಾಣಿಯ ಸಂಖ್ಯೆ ಪ್ರತಿಯೊಬ್ಬ ಸದಸ್ಯೆಗೂ ಬಾಯಿಪಾಠವಾಗಿರಲಿ.

‘ಯಾಕೆ ಬಿಟ್ಟು ಬರಲಿಲ್ಲ?’ ಎನ್ನುವುದನ್ನು ಇನ್ನು ನಿಲ್ಲಿಸೋಣ. ‘ನಿನಗೆ ಏನು ಬೇಕು? ರಾತ್ರಿ ಬಂದರೆ ಯಾರ ಮನೆಗೆ ಬರುತ್ತೀ?’ ಎಂದು ಕೇಳೋಣ. ಆ ಮನೆ ಯಾರದ್ದೆಂದು ಈ ವಾರದ ಸಭೆಯಲ್ಲೇ ಗೊತ್ತು ಮಾಡಿಕೊಳ್ಳಿ.