ಊಟದ ಹಟ, ಮಿದುಳಿನ ಪರೀಕ್ಷೆ



ಉಪವಾಸ ನಮಗೆ ಹೊಸದಲ್ಲ. ಆದರೆ ಏಕಾದಶಿಗೆ ಮರುದಿನ ಪಾರಣೆಯಿದೆ. ಬೆಳೆಯುವ ಹುಡುಗಿಯೋ ಹುಡುಗನೋ ತಿಂಗಳುಗಟ್ಟಲೆ ತುತ್ತು ಎಣಿಸಿ, ಮೈ ಇಳಿದು, ಹುಡುಗಿಯಾದರೆ ಮುಟ್ಟು ನಿಂತರೂ ಊಟ ಒಲ್ಲೆ ಎನ್ನುವುದು ಬೇರೆ. ಅದು ಅನೊರೆಕ್ಸಿಯಾ ಇರಬಹುದು. ಗಬಗಬನೆ ತಿಂದು ಬೇಕೆಂದೇ ವಾಂತಿ ಮಾಡಿಕೊಳ್ಳುವ ಕಾಯಿಲೆಗೆ ಬುಲಿಮಿಯಾ ಎನ್ನುತ್ತಾರೆ.

ಇದು ಪರದೇಶದ ರೋಗ ಎನ್ನಬೇಡಿ. ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಮನೋವೈದ್ಯರನ್ನು ವಿಚಾರಿಸಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯರು ಇಂಥ ರೋಗಿಗಳನ್ನು ಕಂಡಿದ್ದಾಗಿ ಹೇಳಿದರು. ನಮ್ಮಲ್ಲಿ ಕೆಲವರು ದಪ್ಪಗಾಗುವ ಭಯವನ್ನು ಹೇಳುವುದೇ ಇಲ್ಲ. 'ಹೊಟ್ಟೆ ತುಂಬಿದಂತಿದೆ, ಸೇರುವುದಿಲ್ಲ' ಎನ್ನುತ್ತಾರೆ.

ಮನೆಯವರಿಗೆ ಇದು ಹಟವಾಗಿ ಕಾಣುತ್ತದೆ. ಈ ಹಟದ ಒಂದು ಎಳೆಯನ್ನು ಮನಶ್ಶಾಸ್ತ್ರಜ್ಞರು ಅಳೆದು ನೋಡುತ್ತಾರೆ. ನಮ್ಮ ಮಳಗಿಯ ಧರ್ಮಾ ಜಲಾಶಯದ ಕಾಲುವೆಯಲ್ಲಿ ಯಾವ ಗದ್ದೆಗೆ ಈಗ ನೀರು, ಯಾವುದಕ್ಕೆ ಸಾಕು ಎಂದು ನೋಡಿ ತೂಬು ತಿರುಗಿಸುವವರಿರುವಂತೆ, ಮಿದುಳಿನ ಮುಂಭಾಗಕ್ಕೂ ಅಂಥದೇ ಕೆಲಸವಿದೆ: ಯೋಜಿಸುವುದು, ತಡೆಯುವುದು, ಹಳೆಯ ದಾರಿ ಬಿಟ್ಟು ಹೊಸದು ಹಿಡಿಯುವುದು.

ಈ ಕೊನೆಯ ಕೆಲಸವನ್ನು ಅಳೆಯುವ ವಿಸ್ಕಾನ್ಸಿನ್ ಕಾರ್ಡ್ ಪರೀಕ್ಷೆಯನ್ನೇ ನೋಡಿ. ಎದುರಿಗೆ ನಾಲ್ಕು ಕಾರ್ಡು: ಒಂದು ಕೆಂಪು ತ್ರಿಕೋನ, ಎರಡು ಹಸಿರು ನಕ್ಷತ್ರ, ಮೂರು ಹಳದಿ ಕೂಡುಗುರುತು, ನಾಲ್ಕು ನೀಲಿ ವೃತ್ತ. ಕೈಗೆ ಬಂದ ಕಾರ್ಡನ್ನು ಬಣ್ಣಕ್ಕೋ ಆಕಾರಕ್ಕೋ ಸಂಖ್ಯೆಗೋ ಹೊಂದಿಸಬೇಕು. ನಿಯಮವನ್ನು ಯಾರೂ ಹೇಳುವುದಿಲ್ಲ. ಸರಿ, ತಪ್ಪು ಎಂದಷ್ಟೇ ತಿಳಿಸುತ್ತಾರೆ. ಸಾಲಾಗಿ ಹತ್ತು ಸರಿಯಾದ ಮೇಲೆ ನಿಯಮ ಸದ್ದಿಲ್ಲದೆ ಬದಲಾಗುತ್ತದೆ. 'ತಪ್ಪು' ಎಂದು ಕೇಳಿದರೂ ಹಳೆಯ ನಿಯಮವನ್ನೇ ಹಿಡಿದಿರುವುದನ್ನು ಲೆಕ್ಕಹಾಕುತ್ತಾರೆ. ಅನೊರೆಕ್ಸಿಯಾ ಇರುವ ವಯಸ್ಕರಲ್ಲಿ ಸರಾಸರಿಯಾಗಿ ಈ ಲೆಕ್ಕ ಹೆಚ್ಚು. ಲಂಡನ್ನಿನ ಕೇಟ್ ಚಾಂಟುರಿಯಾ, ಜಾನೆಟ್ ಟ್ರೆಷರ್ ಮತ್ತಿತರರ ಅಧ್ಯಯನದಲ್ಲಿ ರೋಗಿಗಳ ಕಾಯಿಲೆಯಿಲ್ಲದ ಅಕ್ಕ-ತಂಗಿಯರಲ್ಲೂ ಇಂಥ ಬಿಗುವು ಕಂಡಿತು. ಹಾಗಾಗಿ ಮಗುವಿನ ಮೊಂಡುತನ ಎಂದಷ್ಟೇ ಹೇಳಿ ಮುಗಿಸಲಾಗದು.

ಆದರೆ ಎರಡು ಎಚ್ಚರಿಕೆ ಬೇಕು. ಮೊದಲನೆಯದು, ಹಸಿವೇ ಮಿದುಳನ್ನು ಬದಲಿಸುತ್ತದೆ. 1944-45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಗಂಡಸರನ್ನು ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಅವರಿಗೆ ಹಗಲಿರುಳು ಊಟದ್ದೇ ಧ್ಯಾನ. ಒಂದರ ಮೇಲೆ ಗಮನ ನಿಲ್ಲಿಸುವುದೇ ಕಷ್ಟವಾಯಿತು. ಆದ್ದರಿಂದ ತೂಕ ತೀರ ಇಳಿದಾಗ ಬಂದ ಅಂಕವನ್ನೇ ಕೊನೆಯ ಮಾತು ಎನ್ನಬಾರದು. ಮೈ ಚೇತರಿಸಿಕೊಂಡ ಮೇಲೆ ಮತ್ತೆ ಅಳೆಯಬೇಕು.

ಎರಡನೆಯದು, ಅಳತೆಗೋಲು ನಮ್ಮದಾಗಿರಬೇಕು. ಇಂಗ್ಲಿಷ್ ಅಕ್ಷರಗಳ ಪರೀಕ್ಷೆಯಲ್ಲಿ ಶಾಲೆ ಕಾಣದವರು ಹಿಂದೆ ಬಿದ್ದರೆ ಅದು ಮಿದುಳಿನ ದೋಷವಲ್ಲ. ಶೋಭಿನಿ ರಾವ್, ಡಿ.ಕೆ. ಸುಬ್ಬಕೃಷ್ಣ, ಕೆ. ಗೋಪುಕುಮಾರ್ ಅವರು 2004ರಲ್ಲಿ ರೂಪಿಸಿದ ನಿಮ್ಹಾನ್ಸ್ ಪರೀಕ್ಷಾಮಾಲೆ ವಯಸ್ಸು, ಲಿಂಗ, ಓದು ನೋಡಿ ಅಂಕ ತೂಗುತ್ತದೆ. ಓದು ಬಾರದವರೂ ಮಾಡಬಲ್ಲ, ಒಂದು ನಿಮಿಷದಲ್ಲಿ ಪ್ರಾಣಿಗಳ ಹೆಸರು ಹೇಳುವ ಪರೀಕ್ಷೆಯೂ ಅದರಲ್ಲಿದೆ.

ಅಂಕಗಳಿಂದ ಕಾಯಿಲೆ ಇದೆ, ಇಲ್ಲ ಎಂದು ತೀರ್ಮಾನಿಸಲಾಗದು. ಪರೀಕ್ಷೆಯಲ್ಲಿ ಚೆನ್ನಾಗಿ ಮಾಡುವ ರೋಗಿಗಳೂ ಇದ್ದಾರೆ. ಅಂಕ ನೆರವಾಗುವುದು ಚಿಕಿತ್ಸೆಯ ದಾರಿ ಹುಡುಕಲು. ಬಿಗುವು ಕಂಡರೆ, ಸಣ್ಣ ಆಟಗಳ ಮೂಲಕ ಯೋಚನೆಯ ಜಾಡು ಬದಲಿಸುವ ಅಭ್ಯಾಸ ಮಾಡಿಸುತ್ತಾರೆ. ಅದು ಮುಖ್ಯ ಚಿಕಿತ್ಸೆಯ ಜೊತೆಗೆ ನಡೆಯಬೇಕಾದದ್ದು, ಅದರ ಬದಲಿಗಲ್ಲ.

ತಾಯಂದಿರಲ್ಲಿ, ಮಾಸ್ತರರಲ್ಲಿ ನನ್ನ ವಿನಂತಿ ಇಷ್ಟೆ. ಮಗು ಸೊರಗುತ್ತಿದ್ದರೆ ಬೈಯಬೇಡಿ, ಒತ್ತಾಯದಿಂದ ಒಮ್ಮೆಗೇ ತುರುಕಬೇಡಿ; ಬಹುಕಾಲ ಹಸಿದ ದೇಹಕ್ಕೆ ದಿಢೀರ್ ಊಟವೂ ಅಪಾಯ. ಮೊದಲು ವೈದ್ಯರಿಗೆ ತೋರಿಸಿ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ನಮಗೆ ದೂರವಲ್ಲ. ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಮಾಡುವ ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.