ಏಡಿ ಸಾರು ಕುಡಿಯೋ ಮುಂಚೆ: ಕೆಸರಲ್ಲಿರೋ ಲೋಹದ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಇವತ್ತಿನ ವಿಷಯ ಏಡಿ. ಅದರ ಮೈಯಲ್ಲಿ ಸೇರಿಕೊಳ್ಳೋ ಸೀಸ, ಕ್ಯಾಡ್ಮಿಯಂ, ಪಾದರಸ.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರಿಗೆ ಏಡಿ ಪರಿಚಯ ಮಾಡಿಕೊಡೋದು ಬೇಡ. ಕೆಲವರು ಏಡಿಕಾಯಿ ಅಂತಾರೆ, ಕೆಲವರು ನಳ್ಳಿ ಅಂತಾರೆ. ನಾಲೆಗೆ ನೀರು ಬಿಟ್ಟು ಗದ್ದೆ ತುಂಬಿತು ಅಂದ್ರೆ ಬದುವಿನ ಬಿಲದಿಂದ ಹೊರಗೆ ಬರುತ್ತೆ. ರೈತರಿಗೆ ಅದರ ಮೇಲೆ ಸಿಟ್ಟು, ಯಾಕಂದ್ರೆ ಬದು ತೂತಾಗಿ ರಾತ್ರೋರಾತ್ರಿ ನೀರು ಪಕ್ಕದ ಗದ್ದೆಗೆ ಹೋಗಿರುತ್ತೆ. ಅದೇ ರೈತನ ಮನೇಲಿ ಮಗುವಿಗೆ ನೆಗಡಿ ಆದ್ರೆ ಮೊದಲು ನೆನಪಾಗೋದೂ ಅದೇ ಏಡಿ. ಕಾಲುಗಳನ್ನ ಒರಳಲ್ಲಿ ಜಜ್ಜಿ, ರಸ ಸೋಸಿ, ಮೆಣಸು ಬೆಳ್ಳುಳ್ಳಿ ಹಾಕಿ ಕುದಿಸಿದ ಸಾರು. ‘ಕುಡುದ್ಬುಡು ಮಗ, ಬೆಳಗ್ಗೆ ಅನ್ನೋಷ್ಟರಲ್ಲಿ ಎದೆ ಸಡಿಲಾಯ್ತದೆ’ ಅಂತ ನಮ್ಮ ದೊಡ್ಡಮ್ಮ ಲೋಟ ಹಿಡ್ಕೊಂಡು ನಿಂತಿರೋರು. ಸಾರಿನ ಔಷಧಿ ಗುಣದ ಬಗ್ಗೆ ನಾನು ವಾದ ಮಾಡಲ್ಲ. ಬಿಸಿಬಿಸಿ ಖಾರದ ಸಾರು ಯಾವುದಾದರೂ ಮೂಗು ಬಿಡಿಸುತ್ತೆ. ನನ್ನ ಪ್ರಶ್ನೆ ಬೇರೆ: ಆ ಏಡಿ ಯಾವ ಹಳ್ಳದ್ದು?

ಭಾರ ಲೋಹ ಮತ್ತು ಏಡಿ ಅಂದ ತಕ್ಷಣ ವಿಜ್ಞಾನಿಗಳು ಹೆಚ್ಚಾಗಿ ಕಡಲ ಕಡೆ ನೋಡ್ತಾರೆ. ಅಳಿವೆ, ಬಂದರು, ಕಾಂಡ್ಲ ಕಾಡಿನ ಕೆಸರು. ಅದರಲ್ಲಿ ತಪ್ಪೇನಿಲ್ಲ. ಆದರೆ ಅಳಿವೆಯ ಕೆಸರಿಗೆ ಬಂದ ಲೋಹದ ಬಹುಪಾಲನ್ನ ನದಿ ಹೊತ್ತು ತಂದಿರುತ್ತೆ. ನಮ್ಮ ಕಾವೇರಿಯ ಕೊನೆ ನಿಲ್ದಾಣ ಪೂಂಪುಹಾರ್. ಅಲ್ಲಿನ ಏಡಿ ಕಥೆ ಶುರುವಾಗೋದು ಇಲ್ಲಿನ ಮೋರಿಯಲ್ಲಿ.

ಭಾರ ಲೋಹ ಅಂದ್ರೆ ಏನು? ಎಲ್ಲ ಲೋಹವೂ ವಿಷ ಅಲ್ಲ. ತಾಮ್ರ, ಸತು ನಮಗೂ ಬೇಕು, ಏಡಿಗೂ ಬೇಕು. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರೋದು ಕಬ್ಬಿಣ, ಏಡಿ ರಕ್ತದಲ್ಲಿ ಆ ಕೆಲಸ ಮಾಡೋದು ತಾಮ್ರ. ಅದಕ್ಕೇ ಗಾಳಿ ತಾಗಿದ ಏಡಿ ರಕ್ತ ತಿಳಿ ನೀಲಿ ಕಾಣುತ್ತೆ. ಇಂಥ ಲೋಹಗಳು ಮಿತಿ ದಾಟಿದರೆ ಮಾತ್ರ ತೊಂದರೆ. ಸೀಸ, ಕ್ಯಾಡ್ಮಿಯಂ, ಪಾದರಸದ ಕಥೆ ಹಾಗಲ್ಲ, ಇವುಗಳಿಂದ ಏಡಿಗೂ ಉಪಯೋಗ ಇಲ್ಲ, ನಮಗೂ ಇಲ್ಲ. ಇನ್ನೊಂದು ಮಾತು. ಸಕ್ಕರೆ ಕಾರ್ಖಾನೆಯ ಕೊಳಕು ನೀರು ಎಷ್ಟೇ ನಾತ ಹೊಡೆದರೂ ಅದರಲ್ಲಿನ ಸಾವಯವ ಕಸವನ್ನ ಸೂಕ್ಷ್ಮಜೀವಿಗಳು ದಿನ ಕಳೆದಂತೆ ತಿಂದು ಮುಗಿಸ್ತವೆ. ಸೀಸವನ್ನ ತಿಂದು ಮುಗಿಸೋರು ಯಾರೂ ಇಲ್ಲ. ಅದು ಜಾಗ ಬದಲಾಯಿಸುತ್ತೆ ಅಷ್ಟೇ. ನೀರಿಂದ ಕೆಸರಿಗೆ, ಕೆಸರಿಂದ ಹುಳಕ್ಕೆ, ಹುಳದಿಂದ ಏಡಿಗೆ.

ಏಡಿ ಬದುಕೋದೇ ಕೆಸರಲ್ಲಿ, ಉಸಿರಾಡೋದು ಕಿವಿರಿಂದ, ತಿನ್ನೋದು ತಳದಲ್ಲಿ ಸಿಕ್ಕಿದ್ದನ್ನೆಲ್ಲ. ಲೋಹಕ್ಕೆ ಮೂರು ಬಾಗಿಲೂ ತೆರೆದ ಹಾಗೆ. ಅದರಲ್ಲೂ ಕ್ಯಾಡ್ಮಿಯಂ ಒಂಥರಾ ಕಳ್ಳ ಚಾವಿ. ಅದರ ಅಯಾನಿನ ಗಾತ್ರ ಹೆಚ್ಚುಕಮ್ಮಿ ಕ್ಯಾಲ್ಸಿಯಂನಷ್ಟೇ. ಏಡಿ ಬೆಳೀಬೇಕು ಅಂದ್ರೆ ಹಳೇ ಚಿಪ್ಪು ಕಳಚಬೇಕು, ಹೊಸ ಚಿಪ್ಪು ಗಟ್ಟಿಯಾಗೋಕೆ ನೀರಿಂದ ಗಬಗಬ ಕ್ಯಾಲ್ಸಿಯಂ ಎಳ್ಕೊಬೇಕು. ಆ ಹೊತ್ತಲ್ಲಿ ಕ್ಯಾಲ್ಸಿಯಂಗೆ ತೆರೆದ ಬಾಗಿಲಲ್ಲಿ ಕ್ಯಾಡ್ಮಿಯಂ ಕೂಡ ನುಗ್ಗುತ್ತೆ. ಮೈ ಮೆತ್ತಗಿರುವಾಗ ಏಡಿಗೆ ಶತ್ರುಗಳು ಜಾಸ್ತಿ, ಬಿಲ ಬಿಟ್ಟು ಹೊರಗೆ ಬರೋ ಹಾಗಿಲ್ಲ. ವಿಷ ಒಳಗೆ ಹೋಗೋದೂ ಅದೇ ಹೊತ್ತಿಗೆ.

ಸಾಯೋದು ಕೊನೇ ಹಂತ. ಅದಕ್ಕೂ ಮುಂಚೆ ಸಣ್ಣಸಣ್ಣ ಬದಲಾವಣೆ ಶುರುವಾಗಿರುತ್ತೆ. ತಾಮ್ರ ಜಾಸ್ತಿಯಾದ ನೀರಲ್ಲಿ ಏಡಿ, ಸೀಗಡಿಯಂಥ ಜೀವಿಗಳಿಗೆ ವಾಸನೆ ಸರಿಯಾಗಿ ತಿಳಿಯಲ್ಲ. ವಾಸನೆ ಕೆಟ್ಟರೆ ಊಟ ಹುಡುಕೋದೂ ಕಷ್ಟ, ಜೋಡಿ ಹುಡುಕೋದೂ ಕಷ್ಟ. ಏಡಿ ಕಾಲು ಮುರಿದರೆ ಮತ್ತೆ ಬೆಳೆಯುತ್ತೆ ಅನ್ನೋದು ನಮಗೆಲ್ಲ ಗೊತ್ತು. ಅಮೆರಿಕದ ಜೂಡಿತ್ ವೈಸ್ ಅನ್ನೋ ವಿಜ್ಞಾನಿ 1976ರಲ್ಲಿ ಕಡಲಂಚಿನ ಫಿಡ್ಲರ್ ಏಡಿಗಳ ಮೇಲೆ ಪಾದರಸ, ಕ್ಯಾಡ್ಮಿಯಂ, ಸೀಸದ ಪರಿಣಾಮದ ಅಧ್ಯಯನ ಪ್ರಕಟಿಸಿದರು. ಕಾಲು ಮತ್ತೆ ಬೆಳೆಯೋದು, ಚಿಪ್ಪು ಕಳಚೋದು ಎರಡಕ್ಕೂ ಲೋಹ ಅಡ್ಡಿ ಅಂತ ಅವರ ಕೆಲಸ ತೋರಿಸಿತು. ನಮ್ಮ ದಕ್ಷಿಣ ಭಾರತದ ಗದ್ದೆ ಏಡಿ ಓಜಿಯೋಟೆಲ್ಫುಸಾ ಕೂಡ ಲ್ಯಾಬು ಕಂಡಿದೆ. ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದಲ್ಲಿ ಅದರ ಶರೀರಕ್ರಿಯೆ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ನಡೆದಿದೆ.

ಈಗ ಕಡಲ ಏಡಿಗೂ ಗದ್ದೆ ಏಡಿಗೂ ಇರೋ ಒಂದು ದೊಡ್ಡ ವ್ಯತ್ಯಾಸ ಹೇಳ್ತೀನಿ. ಕಡಲ ಏಡಿ ಲಕ್ಷಗಟ್ಟಲೆ ಮೊಟ್ಟೆ ಇಡುತ್ತೆ, ಮರಿಗಳು ಕಣ್ಣಿಗೆ ಕಾಣದಷ್ಟು ಚಿಕ್ಕ ಲಾರ್ವಾ ಆಗಿ ಅಲೆಯಲ್ಲಿ ತೇಲಾಡ್ತವೆ. ಈ ಲಾರ್ವಾಗಳಿಗೆ ಲೋಹ ತಡೆಯೋ ಶಕ್ತಿ ದೊಡ್ಡ ಏಡಿಗಿಂತ ತುಂಬಾ ಕಡಿಮೆ, ಅಳಿವೆ ಕೆಟ್ಟರೆ ಮೊದಲು ಸಾಯೋದು ಅವೇ. ಆದರೆ ಒಂದು ಕಡೆ ಖಾಲಿಯಾದರೂ ಪ್ರವಾಹದ ಜೊತೆ ಇನ್ನೊಂದು ಕಡೆಯಿಂದ ಮರಿಗಳು ಬರಬಹುದು. ಗದ್ದೆ ಏಡಿಗೆ ಈ ಲಾರ್ವಾ ಹಂತವೇ ಇಲ್ಲ. ತಾಯಿ ಹೊಟ್ಟೆ ಕೆಳಗಿನ ಮಡಿಕೆ ಎತ್ತಿ ನೋಡಿದರೆ ಪುಟ್ಟಪುಟ್ಟ ಏಡಿಮರಿಗಳೇ ಗುಂಪಾಗಿ ಅಂಟಿಕೊಂಡಿರ್ತವೆ. ಅವು ಇಳಿದು ನಡೆಯೋದು ಅದೇ ಹಳ್ಳದಲ್ಲಿ, ಹೆಚ್ಚು ದೂರ ಹೋಗಲ್ಲ. ಹಾಗಾಗಿ ಒಂದು ಹಳ್ಳದಿಂದ ಏಡಿ ಹೋಯ್ತು ಅಂದ್ರೆ ತಿರುಗಿ ಬರೋಕೆ ಬಹಳ ಕಾಲ ಬೇಕು. ನನ್ನ ಪ್ರಕಾರ ಕಡಲ ಏಡಿಗಿಂತ ನಮ್ಮ ಏಡಿಯ ಸ್ಥಿತಿ ನಾಜೂಕು. 2009ರಲ್ಲಿ ಜಗತ್ತಿನ ಸಿಹಿನೀರು ಏಡಿಗಳ ಲೆಕ್ಕ ಹಾಕಿದಾಗ ಸುಮಾರು ಆರರಲ್ಲಿ ಒಂದು ಜಾತಿ ಅಪಾಯದಲ್ಲಿದೆ ಅಂತ ಗೊತ್ತಾಯ್ತು.

ಸರಿ, ನಮ್ಮ ಕಡೆ ಲೋಹ ಬರೋದು ಎಲ್ಲಿಂದ? ಮಂಡ್ಯದಲ್ಲಿ ಗಣಿ ಕಾರ್ಖಾನೆಗಳ ಸಾಲು ಇಲ್ವಲ್ಲ ಅಂತ ಕೇಳಬಹುದು. ರಾಸಾಯನಿಕ ಗೊಬ್ಬರದಿಂದ ಶುರು ಮಾಡೋಣ. ಡಿಎಪಿ, ಸೂಪರ್ ಫಾಸ್ಫೇಟ್ ತಯಾರಾಗೋ ರಾಕ್ ಫಾಸ್ಫೇಟ್ ಕಲ್ಲಲ್ಲೇ ಕ್ಯಾಡ್ಮಿಯಂ ಸಹಜವಾಗಿ ಇರುತ್ತೆ, ಕಲ್ಲು ಯಾವ ದೇಶದ್ದು ಅನ್ನೋದರ ಮೇಲೆ ಜಾಸ್ತಿ ಕಮ್ಮಿ ಆಗುತ್ತೆ. ಯುರೋಪಿನಲ್ಲಿ 2022ರಿಂದ ಇದಕ್ಕೆ ಮಿತಿ ಹಾಕಿದ್ದಾರೆ. ಆಮೇಲೆ ಮೈಲುತುತ್ತದಂಥ ತಾಮ್ರದ ಔಷಧಿ. ಊರ ಮೋರಿಗೆ ಸೇರೋ ಹಳೇ ಬ್ಯಾಟರಿ, ಗುಜರಿ, ಬಣ್ಣ. ಹೆದ್ದಾರಿಯಲ್ಲಿ ಟೈರು ಸವೆದ ಪುಡಿಯಲ್ಲಿ ಸತು, ಬ್ರೇಕು ಸವೆದ ಪುಡಿಯಲ್ಲಿ ತಾಮ್ರ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮದ್ದೂರಿನ ಹತ್ತಿರ ಶಿಂಷಾ ನದಿ ದಾಟುತ್ತಲ್ಲ, ಮಳೆ ಬಂದಾಗ ರಸ್ತೆ ತೊಳೆದ ನೀರು ಇಳಿಯೋದು ತಗ್ಗಿಗೇ.

ಇಲ್ಲಿ ಸ್ವಲ್ಪ ಭೂಗೋಳ ಬೇಕು. ಬೆಂಗಳೂರಿನ ವೃಷಭಾವತಿ ಕೊಳಕೆಲ್ಲ ನಮಗೇ ಬರುತ್ತೆ ಅಂತ ಎಷ್ಟೋ ಜನ ನಂಬಿದ್ದಾರೆ. ಆ ನೀರು ಬೈರಮಂಗಲ ಕೆರೆ ದಾಟಿ ಅರ್ಕಾವತಿ ಸೇರಿ, ಕನಕಪುರ ಕಡೆ ಸಂಗಮದಲ್ಲಿ ಕಾವೇರಿಗೆ ಬೀಳುತ್ತೆ. ಅದು ಮಳವಳ್ಳಿಯ ಮುತ್ತತ್ತಿಗಿಂತ ಕೆಳಗೆ. ಅಂದ್ರೆ ಮುತ್ತತ್ತಿ ಏಡಿಯ ಮೈಯಲ್ಲಿರೋದಕ್ಕೆ ಬೆಂಗಳೂರನ್ನ ಬಯ್ಯೋ ಹಾಗಿಲ್ಲ. ಮುತ್ತತ್ತಿಗೆ ಬರೋದು ಮೈಸೂರು, ನಂಜನಗೂಡು ಕಡೆ ನೀರು ಕಬಿನಿ ಮೂಲಕ, ತುಮಕೂರು, ಕುಣಿಗಲ್, ಮದ್ದೂರಿನ ನೀರು ಶಿಂಷಾ ಮೂಲಕ, ಜೊತೆಗೆ ನಮ್ಮದೇ ಗದ್ದೆಗಳಿಂದ ಬಸಿದ ನೀರು. ಇಡೀ ಕಾವೇರಿಯ ಬಗ್ಗೆ ಮದ್ರಾಸ್ ಐಐಟಿಯವರು 2021ರಲ್ಲಿ ಒಂದು ಅಧ್ಯಯನ ಹೊರತಂದರು. ಔಷಧಿಗಳ ಅಂಶದ ಜೊತೆ ಆರ್ಸೆನಿಕ್, ಸತು, ಕ್ರೋಮಿಯಂ, ಸೀಸ, ನಿಕ್ಕಲ್ ಕೂಡ ಅದರಲ್ಲಿ ಸಿಕ್ಕಿತ್ತು.

ನಾಲೆ ನೀರಿನ ಲಯ ಕೂಡ ಮುಖ್ಯ. ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡ್ತಾರೆ. ನೀರು ಹರಿಯುವಾಗ ಎಲ್ಲ ತೆಳುವಾಗುತ್ತೆ. ನಿಂತಾಗ ಹಳ್ಳದಲ್ಲಿ ಉಳಿಯೋದು ಊರ ಮೋರಿ ನೀರು ಮತ್ತು ಕೆಸರು. ಏಡಿ ಮಾತ್ರ ಎರಡೂ ಕಾಲದಲ್ಲಿ ಅಲ್ಲೇ ಇರುತ್ತೆ. ಅಧಿಕಾರಿಗಳು ಬಾಟಲಿಯಲ್ಲಿ ಹಿಡಿದುಕೊಂಡು ಹೋಗೋ ನೀರು ಆ ಒಂದು ದಿನದ್ದು, ಏಡಿ ಮೈಯಲ್ಲಿರೋದು ತಿಂಗಳುಗಟ್ಟಲೆಯ ಲೆಕ್ಕ.

ಬಾಟಲಿ ಅಂದಾಗ ಇದನ್ನ ಹೇಳಲೇಬೇಕು. ‘ಕಾವೇರಿ ನೀರು ಸಿ ದರ್ಜೆ’, ‘ಬಿ ದರ್ಜೆ’ ಅಂತ ಸುದ್ದಿ ಓದಿರ್ತೀರ. ಈ ಎ, ಬಿ, ಸಿ, ಡಿ, ಇ ದರ್ಜೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು. ಮೀನು, ವನ್ಯಜೀವಿಗೆ ಅಂತ ಇರೋ ಡಿ ದರ್ಜೆಗೆ ನೋಡೋದು ಪಿಎಚ್, ಕರಗಿದ ಆಮ್ಲಜನಕ, ಅಮೋನಿಯಾ. ಕುಡಿಯೋ ನೀರಿನ ಮೂಲಗಳ ದರ್ಜೆಗಳಲ್ಲಿ ಕೋಲಿಫಾರ್ಮ್, ಬಿಒಡಿ ಸೇರುತ್ತೆ. ಸೀಸ, ಕ್ಯಾಡ್ಮಿಯಂ ಈ ಪಟ್ಟಿಯಲ್ಲೇ ಇಲ್ಲ! ಲೋಹಗಳ ಬಗ್ಗೆ ಕೇಂದ್ರ ಜಲ ಆಯೋಗದ ವರದಿಗಳು ಪ್ರತ್ಯೇಕವಾಗಿ ಬರ್ತವೆ, ಆದರೆ ಜನರ ಬಾಯಲ್ಲಿ ಓಡಾಡೋದು ದರ್ಜೆ. ದರ್ಜೆ ಚೆನ್ನಾಗಿದೆ ಅಂದ್ರೆ ಕೆಸರು ಚೆನ್ನಾಗಿದೆ ಅಂತ ಅರ್ಥ ಅಲ್ಲ.

ಕಡಲಿಗೆ ಬಂದರೆ, ಸಿಹಿನೀರು ಉಪ್ಪುನೀರು ಸೇರೋ ಜಾಗದಲ್ಲಿ ನದಿ ತಂದ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ತಳಕ್ಕೆ ಕೂರ್ತವೆ, ಲೋಹದ ಸಮೇತ. ಅಳಿವೆ ಕೆಸರು ಅಷ್ಟು ಭಾರ ಆಗೋದು ಹೀಗೆ. ಉಪ್ಪು ಜಾಸ್ತಿ ಇದ್ದಷ್ಟೂ ಕ್ಯಾಡ್ಮಿಯಂ ಕ್ಲೋರೈಡ್ ಜೊತೆ ಕಟ್ಟಿಕೊಂಡು ಏಡಿಗೆ ಸುಲಭಕ್ಕೆ ಸಿಗಲ್ಲ. ಮಳೆಗಾಲದಲ್ಲಿ ಅಳಿವೆ ಸಿಹಿಯಾದಾಗ ಅದೇ ಕ್ಯಾಡ್ಮಿಯಂ ಬಿಡುಗಡೆಯಾಗಿ ಕಿವಿರಿಗೆ ಹೋಗುತ್ತೆ. ಸಿಹಿನೀರಿನ ಏಡಿಗೆ ಆ ಉಪ್ಪಿನ ರಕ್ಷಣೆ ವರ್ಷಪೂರ್ತಿ ಇಲ್ಲ.

ಈಗ ತಟ್ಟೆಗೆ ಬರೋಣ. ಲೋಹ ಏಡಿ ಮೈಯಲ್ಲೆಲ್ಲ ಸಮನಾಗಿ ಹಂಚಿರಲ್ಲ. ಚಿಪ್ಪು ತೆಗೆದಾಗ ಕಾಣೋ ಹಳದಿ–ಕಂದು ಮುದ್ದೆ ಇದೆಯಲ್ಲ, ಕೆಲವರು ಅದೇ ರುಚಿ ಅಂತ ಬೆರಳಲ್ಲಿ ತೆಗೆದು ತಿಂತಾರೆ, ಅದು ಏಡಿಯ ಯಕೃತ್ತು ಇದ್ದ ಹಾಗೆ. ಕ್ಯಾಡ್ಮಿಯಂ ಗೋಡೌನ್ ಅದೇ. ಕೊಂಡಿ, ಕಾಲಿನ ಬಿಳಿ ಮಾಂಸದಲ್ಲಿ ತುಂಬಾ ಕಡಿಮೆ. ಯುರೋಪಿನಲ್ಲಿ ಏಡಿಯ ಬಿಳಿ ಮಾಂಸಕ್ಕೆ ಕೆಜಿಗೆ 0.5 ಮಿಲಿಗ್ರಾಂ ಕ್ಯಾಡ್ಮಿಯಂ ಮಿತಿ ಇದೆ, ಕಂದು ಮಾಂಸ ಈ ಮಿತಿಯ ಲೆಕ್ಕಕ್ಕೇ ಬರಲ್ಲ. ಅದನ್ನ ಹೆಚ್ಚು ತಿನ್ನಬೇಡಿ ಅಂತ 2011ರಲ್ಲಿ ಗ್ರಾಹಕರಿಗೆ ಎಚ್ಚರಿಕೆ ಕೊಟ್ಟರು. ಕುದಿಸಿದರೆ ಹೋಗುತ್ತಾ? ಇಲ್ಲ. ಬೇಯುವಾಗ ಮುದ್ದೆಯಿಂದ ಸ್ವಲ್ಪ ಮಾಂಸಕ್ಕೆ, ಸ್ವಲ್ಪ ನೀರಿಗೆ ಇಳಿಯುತ್ತೆ. ಆ ನೀರೇ ನಮ್ಮ ಸಾರು.

ಫೋನಲ್ಲಿ ಕ್ಯಾಲ್ಕುಲೇಟರ್ ತೆಗೀರಿ. ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ ಪ್ರಕಾರ ವಾರಕ್ಕೆ ಮೈತೂಕದ ಪ್ರತಿ ಕೆಜಿಗೆ 2.5 ಮೈಕ್ರೋಗ್ರಾಂ ಕ್ಯಾಡ್ಮಿಯಂ ಮಿತಿ. 60 ಕೆಜಿ ತೂಕದ ದೊಡ್ಡವರಿಗೆ 150 ಮೈಕ್ರೋಗ್ರಾಂ. ಮಿತಿಯ ಅಂಚಲ್ಲಿರೋ, ಅಂದ್ರೆ 0.5 ಇರೋ ಏಡಿ ಮಾಂಸ 300 ಗ್ರಾಂ ತಿಂದ್ರೆ ವಾರದ ಪಾಲು ಮುಗೀತು. 15 ಕೆಜಿ ತೂಕದ ಮಗುವಿಗೆ ಅದೇ ಏಡಿ 75 ಗ್ರಾಂ ಸಾಕು. ನೆಗಡಿ ಅಂತ ನಾವು ಸಾರು ಕುಡಿಸೋದು ಯಾರಿಗೆ ಅಂತ ನೆನಪಿಸಿಕೊಳ್ಳಿ. ಮೂತ್ರಪಿಂಡಕ್ಕೆ ಸೇರಿದ ಕ್ಯಾಡ್ಮಿಯಂ ಅರ್ಧ ಇಳಿಯೋಕೆ 10ರಿಂದ 30 ವರ್ಷ ಬೇಕು. ಜಪಾನಿನ ಟೊಯಾಮಾದಲ್ಲಿ ಜಿಂಜು ನದಿಯ ನೀರು ಗಣಿಯ ಕ್ಯಾಡ್ಮಿಯಂ ಹೊತ್ತು ಭತ್ತದ ಗದ್ದೆಗೆ ಹರಿದು, ಆ ಅನ್ನ ತಿಂದವರ ಮೂಳೆ ಮುರಿಯೋಕೆ ಶುರುವಾಗಿತ್ತು. ‘ಇಟಾಯ್ ಇಟಾಯ್’, ಅಂದ್ರೆ ‘ನೋವು ನೋವು’ ಅನ್ನೋದೇ ರೋಗದ ಹೆಸರಾಯ್ತು. 1968ರಲ್ಲಿ ಸರ್ಕಾರ ಅದನ್ನ ಮಾಲಿನ್ಯದ ರೋಗ ಅಂತ ಒಪ್ಕೊಂಡಿತು. ಮಂಡ್ಯದಲ್ಲಿ ಅಂಥ ಗಣಿ ಇಲ್ಲ, ಹೆದರಿಸೋಕೆ ಹೇಳ್ತಿಲ್ಲ. ನದಿ, ಗದ್ದೆ, ಊಟ ಒಂದೇ ದಾರದಲ್ಲಿ ಇರೋ ಊರು ನಮ್ಮದೂ ಹೌದು ಅನ್ನೋದಕ್ಕೆ ಹೇಳಿದೆ.

ಹಾಗಾದ್ರೆ ಏಡಿ ಬಿಟ್ಟುಬಿಡಬೇಕಾ? ನಾನು ಬಿಟ್ಟಿಲ್ಲ. ಊರ ಮೋರಿ ಸೇರೋ ಹಳ್ಳದ್ದು, ಗುಜರಿ ಅಂಗಡಿ ಸಾಲಿನ ಹಿಂದಿನ ಗುಂಡಿಯದ್ದು, ಹೆದ್ದಾರಿ ಚರಂಡಿಯದ್ದು ಬೇಡ ಅಂತೀನಿ. ಹಳದಿ ಮುದ್ದೆ, ಕಿವಿರು ತೆಗೆದು ಹಾಕಿ, ಕಾಲು ಕೊಂಡಿ ಮಾತ್ರ ಬಳಸಿ. ಬಸುರಿಯರಿಗೆ, ಪುಟ್ಟ ಮಕ್ಕಳಿಗೆ ವಾರವಾರ ಬೇಡ. ಮಂಗಳೂರಿಂದ ಐಸ್ ಡಬ್ಬದಲ್ಲಿ ಬರೋ ಕಡಲ ಏಡಿಗೂ ಇದೇ ಮಾತು. ಯುರೋಪಿಗೆ ರಫ್ತಾಗೋ ಮಾಲು ಕ್ಯಾಡ್ಮಿಯಂ, ಸೀಸ, ಪಾದರಸದ ಮಿತಿ ಪಾಲಿಸಲೇಬೇಕು, ನಮ್ಮ ಸಂತೆಯ ಬುಟ್ಟಿಯಲ್ಲಿರೋದನ್ನ ಹಾಗೆ ಕೇಳೋರು ಯಾರು? ಕೇಳೋಕೆ ದಾರಿ ಇದೆ. ₹10 ಕೊಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ‘ಶಿಂಷಾ ಮತ್ತು ಬಸಿಗಾಲುವೆಗಳ ಕೆಸರಿನಲ್ಲಿ, ಏಡಿಯಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸ ಪರೀಕ್ಷೆ ಮಾಡಿದ್ದೀರಾ, ಮಾಡಿದ್ದರೆ ವರದಿ ಕೊಡಿ’ ಅಂತ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯನ್ನ ಕೇಳಬಹುದು. ನೀರು ಅಂತ ಮಾತ್ರ ಬರೀಬೇಡಿ, ಕೆಸರು ಅಂತ ಬರೀರಿ.

ಈ ವಾರ ನಿಮ್ಮಿಂದ ಒಂದು ಸಹಾಯ. ನಿಮ್ಮೂರಿನ ಯಾವ ಹಳ್ಳದಲ್ಲಿ ಮುಂಚೆ ಏಡಿ ಸಿಗ್ತಿತ್ತು, ಈಗ ಸಿಗಲ್ಲ, ಸುಮಾರು ಯಾವಾಗಿಂದ ಅಂತ ಮನೆಯ ಹಿರಿಯರನ್ನ ಕೇಳಿ, ವಾಯ್ಸ್ ನೋಟ್ ಕಳಿಸಿ. ಊರಿನ ಹೆಸರು ಹೇಳೋದು ಮರೀಬೇಡಿ.