ನೋಟಿನ ಹಿಂಬದಿಗೆ ಯಾವ ವಿಜ್ಞಾನಿ?

(ಚಾಮರಾಜನಗರ, ಗುಂಡ್ಲುಪೇಟೆ ಭಾಗದ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಚಾಮರಾಜನಗರದಿಂದ ಹೊರಟು ಹಾಸನೂರು ದಾಟಿ, ದಿಂಬಂ ಘಟ್ಟ ಇಳಿದು, ಸತ್ಯಮಂಗಲದಾಚೆ ಸಾಗಿದರೆ ಸಿಗುವ ಊರು ಈರೋಡು. ಇಲ್ಲಿಯ ಅರಿಸಿನ ಬೆಳೆಗಾರರಿಗೆ ಅದು ಮಾರುಕಟ್ಟೆಯ ಊರೆಂದು ಗೊತ್ತು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ 1887ರ ಡಿಸೆಂಬರ್ 22ರಂದು ಹುಟ್ಟಿದ್ದೂ ಅದೇ ಊರಿನಲ್ಲಿ. ಘಟ್ಟದ ಕೆಳಗೆ ಹುಟ್ಟಿದ ಆ ಬಡ ಗುಮಾಸ್ತನ ಮಗ 2019ರಲ್ಲಿ ಇಂಗ್ಲೆಂಡಿನ ಐವತ್ತು ಪೌಂಡ್ ನೋಟಿನ ಮೇಲೆ ಬರುವ ಹನ್ನೆರಡು ಆಯ್ಕೆಗಳಲ್ಲಿ ಒಂದಾಗಿದ್ದರು ಎಂಬುದು ಅನೇಕರಿಗೆ ತಿಳಿದಿರಲಾರದು.

ನಡೆದದ್ದು ಹೀಗೆ. 2018ರ ನವೆಂಬರಿನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಹೊಸ ನೋಟಿನ ಹಿಂಬದಿಗೆ ಒಬ್ಬ ವಿಜ್ಞಾನಿಯನ್ನು ಸೂಚಿಸುವಂತೆ ಸಾರ್ವಜನಿಕರನ್ನು ಕೇಳಿಕೊಂಡಿತು. ಷರತ್ತುಗಳು ಕೆಲವೇ: ವ್ಯಕ್ತಿ ಕಾಲ್ಪನಿಕವಾಗಿರಬಾರದು, ಬದುಕಿರಬಾರದು, ಆ ದೇಶದ ವಿಜ್ಞಾನಕ್ಕೆ ಕೊಡುಗೆ ನೀಡಿರಬೇಕು. ಆರು ವಾರಗಳಲ್ಲಿ 2,27,299 ಸೂಚನೆಗಳು ಬಂದವು. ಅವುಗಳನ್ನು ಜರಡಿ ಹಿಡಿದಾಗ ಉಳಿದ ಅರ್ಹ ಹೆಸರುಗಳು 989. ತಜ್ಞರ ಸಮಿತಿಯೊಂದು ಅವನ್ನು ಹನ್ನೆರಡಕ್ಕೆ ಇಳಿಸಿತು. ಕೊನೆಯ ಮಾತು ಬ್ಯಾಂಕಿನ ಗವರ್ನರ್ ಅವರದು. 2019ರ ಜುಲೈ 15ರಂದು ಅಲನ್ ಟ್ಯೂರಿಂಗ್ ಹೆಸರು ಪ್ರಕಟವಾಯಿತು. 2021ರ ಜೂನ್ 23ರಂದು ನೋಟು ಚಲಾವಣೆಗೆ ಬಂದಿತು.

ಟ್ಯೂರಿಂಗ್ ಗಣಕಯಂತ್ರದ ತಾತ್ವಿಕ ತಳಹದಿ ಹಾಕಿದವರು, ಎರಡನೆಯ ಮಹಾಯುದ್ಧದಲ್ಲಿ ಶತ್ರುವಿನ ಗೂಢಲಿಪಿಯನ್ನು ಬಿಡಿಸಲು ನೆರವಾದವರು. ಅದೇ ದೇಶದ ನ್ಯಾಯಾಲಯ 1952ರಲ್ಲಿ ಅವರನ್ನು ಸಲಿಂಗಕಾಮದ ಅಪರಾಧಕ್ಕಾಗಿ ಶಿಕ್ಷಿಸಿತ್ತು. 1954ರಲ್ಲಿ ಅವರು ತೀರಿಕೊಂಡರು. ಮರಣೋತ್ತರ ಕ್ಷಮಾದಾನ ದೊರೆತದ್ದು 2013ರಲ್ಲಿ. ಆದ್ದರಿಂದ ಆ ನೋಟು ಗೌರವದ ಜೊತೆಗೆ ಪಶ್ಚಾತ್ತಾಪವನ್ನೂ ಹೊತ್ತಿದೆ. ಒಂದು ಸರ್ಕಾರ ತಾನು ನೋಯಿಸಿದವನ ಮುಖವನ್ನು ತನ್ನ ಹಣದ ಮೇಲೆ ಅಚ್ಚು ಹಾಕಿಸುವುದು ಸಣ್ಣ ಸಂಗತಿಯಲ್ಲ.

ಆದರೆ ಹಳ್ಳಿಗಾಡಿನ ಕಣ್ಣಿಗೆ ಆ ಹನ್ನೆರಡರ ಪಟ್ಟಿಯಲ್ಲಿ ಹೆಚ್ಚು ಹತ್ತಿರವಾಗಿ ಕಾಣುವವಳು ಮೇರಿ ಆನಿಂಗ್. 1799ರಲ್ಲಿ ಹುಟ್ಟಿದ ಬಡಗಿಯ ಮಗಳು. ಕಡಲತೀರದ ಲೈಮ್ ರೀಜಿಸ್ ಎಂಬ ಊರಿನಲ್ಲಿ, ಚಳಿಗಾಲದ ಮಳೆಗೆ ಕುಸಿಯುವ ಬಂಡೆಗಳಡಿಯಲ್ಲಿ ಪಳೆಯುಳಿಕೆಗಳನ್ನು ಹೆಕ್ಕಿ ಮಾರಿ ಸಂಸಾರ ನಡೆಸಿದವಳು. ಲಕ್ಷಾಂತರ ಶತಮಾನಗಳ ಹಿಂದೆ ಅಳಿದ ಕಡಲ ಸರೀಸೃಪಗಳ ಅಸ್ಥಿಪಂಜರಗಳನ್ನು ಅವಳು ಬಂಡೆಯಿಂದ ಬಿಡಿಸಿ ತೆಗೆದಳು. ಪಂಡಿತರು ಅವನ್ನು ಕೊಂಡು ಪ್ರಬಂಧ ಬರೆದರು. ಹೆಂಗಸೆಂಬ ಕಾರಣಕ್ಕೆ ಭೂವಿಜ್ಞಾನ ಸಂಘದಲ್ಲಿ ಅವಳಿಗೆ ಸದಸ್ಯತ್ವವಿರಲಿಲ್ಲ. ಕಾಡಿನಿಂದ ನೆಲ್ಲಿಕಾಯಿ, ಜೇನು, ಪಾಚಿ ತಂದು ಕೊಟ್ಟು, ಅದರ ಮೇಲೆ ಬೇರೊಬ್ಬರು ವಿದ್ವಾಂಸರಾಗುವುದನ್ನು ನೋಡಿದ ಪೋಡಿನ ಜನರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಆನಿಂಗ್ ಪಟ್ಟಿಗೆ ಬಂದಳು, ನೋಟಿಗೆ ಬರಲಿಲ್ಲ.

ಇನ್ನು ಭಾರತದ ನೋಟು. ಅದು ಎಲ್ಲೋ ದೂರದಲ್ಲಿ ಅಚ್ಚಾಗುವ ವಸ್ತುವಲ್ಲ. ನಂಜನಗೂಡಿನ ದಾರಿಯಲ್ಲಿ ಒಂದೆರಡು ಗಂಟೆ ಸಾಗಿದರೆ ತಲಪುವ ಮೈಸೂರಿನಲ್ಲೇ ಭಾರತೀಯ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ನೋಟು ಮುದ್ರಣಾಲಯವಿದೆ. ಮುದ್ರಣ ಸಮೀಪ, ತೀರ್ಮಾನ ಮಾತ್ರ ದೂರ. 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 25ನೆಯ ಕಲಮಿನಂತೆ ನೋಟಿನ ವಿನ್ಯಾಸವನ್ನು ಬ್ಯಾಂಕಿನ ಕೇಂದ್ರ ಮಂಡಳಿ ಶಿಫಾರಸು ಮಾಡುತ್ತದೆ, ಕೇಂದ್ರ ಸರ್ಕಾರ ಒಪ್ಪಿಗೆ ಕೊಡುತ್ತದೆ. ಜನರನ್ನು ಕೇಳಬೇಕೆಂಬ ವಿಧಿ ಅದರಲ್ಲಿಲ್ಲ. 2022ರಲ್ಲಿ ರವೀಂದ್ರನಾಥ ಠಾಕೂರ್ ಮತ್ತು ವಿಜ್ಞಾನಿ ಅಬ್ದುಲ್ ಕಲಾಂ ಅವರ ಚಿತ್ರಗಳು ನೋಟಿಗೆ ಬರಲಿವೆ ಎಂದು ಪತ್ರಿಕೆಗಳು ಬರೆದಾಗ, ಅಂಥ ಪ್ರಸ್ತಾವವೇ ಇಲ್ಲವೆಂದು ಬ್ಯಾಂಕು ಆ ವರ್ಷದ ಜೂನ್ 6ರಂದು ಸ್ಪಷ್ಟಪಡಿಸಿತು. ಚರ್ಚೆ ಹುಟ್ಟಿದ ವಾರದೊಳಗೆ ಮುಗಿಯಿತು.

ಗಾಂಧೀಜಿಯವರ ಚಿತ್ರವನ್ನು ತೆಗೆಯುವ ಮಾತು ಇಲ್ಲಿಲ್ಲ. ಇಂಗ್ಲೆಂಡಿನಲ್ಲಿಯೂ ವಿಜ್ಞಾನಿ ಬಂದದ್ದು ಹಿಂಬದಿಗೆ, ಮುಂಬದಿ ರಾಣಿಯದಾಗಿತ್ತು. ಭಾರತದ ನೋಟಿನ ಹಿಂಬದಿಯ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಬೇಕು. ಹಳೆಯ ನೂರರ ನೋಟಿನಲ್ಲಿ ಹಿರಾಕುಡ್ ಅಣೆಕಟ್ಟೆ ಇತ್ತು. ಐದರ ನೋಟಿನಲ್ಲಿ ಟ್ರಾಕ್ಟರ್. ಒಂದು ರೂಪಾಯಿಯ ನೋಟಿನಲ್ಲಿ ಸಮುದ್ರದಿಂದ ತೈಲ ತೆಗೆಯುವ ಸಾಗರ ಸಾಮ್ರಾಟ್. ಎರಡರ ನೋಟಿನಲ್ಲಿ, ಬೆಂಗಳೂರಿನಲ್ಲಿ ಸಿದ್ಧವಾಗಿ 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹ. 2016ರಲ್ಲಿ ಬಂದು, 2023ರ ಮೇ ತಿಂಗಳಲ್ಲಿ ಹಿಂಪಡೆಯಲು ಆದೇಶವಾದ ಎರಡು ಸಾವಿರದ ನೋಟಿನಲ್ಲಿ ಮಂಗಳಯಾನ. ಅಂದರೆ ವಿಜ್ಞಾನಕ್ಕೆ ನೋಟಿನಲ್ಲಿ ಜಾಗ ಸಿಕ್ಕಿಲ್ಲವೆಂದಲ್ಲ, ಸಿಕ್ಕಿದ್ದು ಯಂತ್ರಕ್ಕೆ. ವಿಜ್ಞಾನಿಗೆ ಸಿಕ್ಕಿಲ್ಲ. ಆ ಯಂತ್ರಗಳಲ್ಲಿ ಒಂದಾದ ಅಣೆಕಟ್ಟೆಯ ಹಿಂದೆ ಮುಳುಗಿದ ಹಳ್ಳಿಗಳೂ ಚಿತ್ರದಲ್ಲಿ ಕಾಣುವುದಿಲ್ಲ.

ಹಾಗಾದರೆ ಯಾರು? ಈ ಪ್ರಶ್ನೆ ಕೇಳಿದೊಡನೆ ಶಾಲಾ ಮಕ್ಕಳು ಸಿ.ವಿ. ರಾಮನ್ ಎನ್ನುತ್ತಾರೆ, ಹಿರಿಯರು ವಿಶ್ವೇಶ್ವರಯ್ಯ ಎನ್ನುತ್ತಾರೆ. ತಪ್ಪಿಲ್ಲ. ಆದರೆ ಅವರ ಹೆಸರಿನಲ್ಲಿ ರಸ್ತೆಗಳಿವೆ, ಸಂಸ್ಥೆಗಳಿವೆ, ಪ್ರತಿಮೆಗಳಿವೆ. 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗಾಗಿ ಬಿಳಿಗಿರಿರಂಗನ ಬೆಟ್ಟವನ್ನೂ ಹತ್ತಿದ ಸಲೀಂ ಅಲಿ ಅವರಿಗೂ ಈ ಮಾತು ಸಲ್ಲುತ್ತದೆ. ನೋಟಿನ ಗೌರವ ಇನ್ನೂ ಹೆಸರು ಕೇಳದವರ ಕಡೆಗೆ ಹೋಗಬೇಕಲ್ಲವೇ?

ರಾಗಿ ಲಕ್ಷ್ಮಣಯ್ಯನವರನ್ನು ತೆಗೆದುಕೊಳ್ಳೋಣ. ರಾಗಿಯ ಹೂ ಕಣ್ಣಿಗೆ ಕಾಣದಷ್ಟು ಕಿರಿದು. ನಸುಕಿಗೂ ಮುಂಚೆ ಅರಳಿ ತನ್ನ ಪರಾಗವನ್ನು ತಾನೇ ಕಟ್ಟಿಕೊಂಡು ಮುಚ್ಚಿಬಿಡುತ್ತದೆ. ಅಂಥ ಹೂವಿಗೆ ಬೇರೆ ತಳಿಯ ಪರಾಗ ಕೂಡಿಸುವುದು ಬಹುಕಾಲ ಕೈಗೂಡದ ಕೆಲಸವಾಗಿತ್ತು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ಅದನ್ನು ಸಾಧಿಸಿದರು. ಇಲ್ಲಿಯ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ, ಇಂಡಿಯ ಮತ್ತು ಆಫ್ರಿಕ ಎರಡೂ ಹೆಸರು ಬೆರೆಸಿ ಇಂಡಾಫ್ ಎಂದು ಕರೆದರು. 1970ರ ದಶಕದಿಂದೀಚೆಗೆ ಹಳೆ ಮೈಸೂರಿನಲ್ಲಿ ಮುದ್ದೆ ಉಂಡವರಲ್ಲಿ ಬಹುಪಾಲು ಜನ ಆ ಕೈಯ ಫಲವನ್ನು ಉಂಡವರೇ. ಇಂಡಾಫ್ ಬಂದಂತೆಲ್ಲ ನಾಟಿ ರಾಗಿಗಳು ಹೊಲ ಬಿಟ್ಟವೆಂಬ ಆಕ್ಷೇಪವಿದೆ. ಅದು ನಿಜವಾದ ಆಕ್ಷೇಪ. ಆದರೂ ಒಣಭೂಮಿಯ ಬಡವರ ಧಾನ್ಯಕ್ಕೆ ಇಡೀ ಆಯುಷ್ಯ ಕೊಟ್ಟ ವಿಜ್ಞಾನಿಗಳು ಎಷ್ಟು ಮಂದಿ? ಇವರ ಹೆಸರನ್ನು ರಾಗಿ ಸೀಮೆಯ ಆಚೆ ಯಾರೂ ಹೇಳುವುದಿಲ್ಲ ಎಂಬುದೊಂದೇ ತೊಡಕು. ರಾಷ್ಟ್ರದ ನೋಟಿಗೆ ಅಸ್ಸಾಮಿನವರೂ ಗುಜರಾತಿನವರೂ ಒಪ್ಪಬೇಕು.

ಆ ಕಾರಣದಿಂದ ಮನಸ್ಸು ಎಡವಲತ್ ಕಕ್ಕಾಟ್ ಜಾನಕಿ ಅಮ್ಮಾಳ್ ಅವರ ಕಡೆಗೆ ತಿರುಗುತ್ತದೆ. ಗುಂಡ್ಲುಪೇಟೆಯಿಂದ ಬಂಡೀಪುರದ ಅಂಚಿನ ಕಾಡು ಹಾಯ್ದು ಸುಲ್ತಾನ್ ಬತ್ತೇರಿಗೆ ಹೋಗುವ ದಾರಿ, 2009ರಲ್ಲಿ ರಾತ್ರಿ ಸಂಚಾರದ ನಿಷೇಧಕ್ಕೆ ಒಳಗಾದ ಅದೇ ದಾರಿ, ವಯನಾಡಿಗೆ ಒಯ್ಯುತ್ತದೆ; ವಯನಾಡನ್ನು ದಾಟಿ ಇಳಿದರೆ ಸಿಗುವುದು ಕಡಲ ತೀರದ ತಲಶ್ಶೇರಿ. ಜಾನಕಿ ಅಮ್ಮಾಳ್ 1897ರಲ್ಲಿ ಹುಟ್ಟಿದ್ದು ಆ ತಲಶ್ಶೇರಿಯಲ್ಲಿ. 1931ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯಲ್ಲಿ ಕಬ್ಬಿನ ಹಾಗೂ ಅದರ ಕಾಡುಬಂಧುಗಳಾದ ಹುಲ್ಲುಗಳ ವರ್ಣತಂತುಗಳನ್ನು ಎಣಿಸಿ, ಕೂಡಿಸಿ, ಅಭ್ಯಾಸ ಮಾಡಿದರು. ಇಂಗ್ಲೆಂಡಿಗೆ ಹೋಗಿ ಡಾರ್ಲಿಂಗ್ಟನ್ ಅವರೊಡನೆ ಕೃಷಿ ಸಸ್ಯಗಳ ವರ್ಣತಂತುಗಳ ಕೋಶವನ್ನು 1945ರಲ್ಲಿ ಪ್ರಕಟಿಸಿದರು. ನೆಹರೂ ಅವರ ಆಹ್ವಾನದ ಮೇರೆಗೆ 1950ರ ದಶಕದ ಆರಂಭದಲ್ಲಿ ಮರಳಿ ಬಂದು ಭಾರತೀಯ ಸಸ್ಯ ಸರ್ವೇಕ್ಷಣಾಲಯವನ್ನು ಮರುರೂಪಿಸುವ ಹೊಣೆ ಹೊತ್ತರು.

ಪತ್ರಿಕೆಗಳು ಇವರನ್ನು ಭಾರತದ ಕಬ್ಬಿಗೆ ಸಿಹಿ ತಂದವರು ಎಂದು ಹಾಡಿ ಹೊಗಳುವುದುಂಟು. ಅಷ್ಟು ಸರಳವಾಗಿ ಹೇಳುವುದು ಸರಿಯಲ್ಲ. ಕಾಡುಕಬ್ಬನ್ನೂ ರಸಕಬ್ಬನ್ನೂ ಕೂಡಿಸುವ ಕೆಲಸವನ್ನು ಬಾರ್ಬರ್ ಮತ್ತು ವೆಂಕಟರಾಮನ್ ಅದಕ್ಕೂ ಮುಂಚೆಯೇ ಕೊಯಮತ್ತೂರಿನಲ್ಲಿ ಆರಂಭಿಸಿದ್ದರು. ಜಾನಕಿ ಅಮ್ಮಾಳ್ ಆ ಕೂಡಿಕೆಯ ಒಳಗುಟ್ಟನ್ನು ಬಿಡಿಸಿದವರಲ್ಲಿ ಪ್ರಮುಖರು. ಗೌರವಿಸುವ ಆತುರದಲ್ಲಿ ಇತರರ ದುಡಿಮೆಯನ್ನು ಅಳಿಸಿದರೆ ಆನಿಂಗಳಿಗೆ ಆದ ಅನ್ಯಾಯವೇ ಇನ್ನೊಂದು ರೂಪದಲ್ಲಿ ಮರುಕಳಿಸುತ್ತದೆ.

ಅವರನ್ನು ಬೆಟ್ಟದ ಜನ ಆರಿಸಬೇಕಾದ ಕಾರಣ ಕಬ್ಬಲ್ಲ. 1955ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ, ಮನುಷ್ಯ ಭೂಮಿಯ ಮುಖವನ್ನು ಹೇಗೆ ಬದಲಿಸಿದ್ದಾನೆ ಎಂಬ ಕುರಿತು ವಿದ್ವಾಂಸರ ದೊಡ್ಡ ಗೋಷ್ಠಿ ಸೇರಿತು. ಆಹ್ವಾನ ಪಡೆದ ಏಕೈಕ ಮಹಿಳೆ ಅವರು. ಅಲ್ಲಿ ಅವರು ಆರಿಸಿಕೊಂಡ ವಿಷಯ ಭಾರತದ ಜೀವನಾಧಾರದ ಕೃಷಿ. ಅಂದರೆ ಮಾರಲಿಕ್ಕಲ್ಲದೆ ಉಣ್ಣಲಿಕ್ಕೆ ಬೆಳೆಯುವವರ, ಕಾಡಿನಂಚಿನವರ ಬದುಕು. ಜೀವಿತದ ಕೊನೆಯ ವರ್ಷಗಳಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಕೇರಳದ ಮೌನ ಕಣಿವೆಯನ್ನು ಮುಳುಗಿಸಲಿದ್ದ ಜಲವಿದ್ಯುತ್ ಯೋಜನೆಯ ವಿರುದ್ಧ ನಿಂತರು. 1984ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು. ಒಂದು ಕಾಲಕ್ಕೆ ಅಣೆಕಟ್ಟೆಯನ್ನು ಹೊತ್ತ ನೋಟಿನ ಹಿಂಬದಿಗೆ, ಅಣೆಕಟ್ಟೆ ಬೇಡವೆಂದ ಸಸ್ಯವಿಜ್ಞಾನಿ ಬರಲಿ.

ಇಲ್ಲಿಗೂ ಒಂದು ಮುಳ್ಳು ಉಳಿಯುತ್ತದೆ. ನೋಟಿನ ಮೇಲೆ ಹಿಡಿಸುವುದು ಒಂದು ಮುಖ. ಒಬ್ಬರ ಹೆಸರಿಗೆ ಕಟ್ಟಲಾಗದ ಅರಿವಿಗೆ ಮುಖ ಎಲ್ಲಿಂದ ತರುವುದು? ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆಲ್ಲಿ ಮರವನ್ನು ಹಿಡಿದು ಒಣಗಿಸುವ ಬದನಿಕೆಯನ್ನು ಉಪ್ಪಿಲು ಎನ್ನುತ್ತಾರೆ. ಹಿಂದೆ ತರಗಿಗೆ ಸಣ್ಣ ಬೆಂಕಿ ಇಡುತ್ತಿದ್ದಾಗ ಉಪ್ಪಿಲು ಹತೋಟಿಯಲ್ಲಿತ್ತು, ಬೆಂಕಿಯನ್ನು ತಡೆದ ಮೇಲೆ ಅದು ಹೆಚ್ಚಿತು, ಲಂಟಾನವೂ ಹಬ್ಬಿತು ಎಂಬುದು ಅವರ ವಿವರಣೆ. 2010ರಲ್ಲಿ ಪ್ರಕಟವಾದ ಸಂಶೋಧನೆಯೊಂದು ನೆಲ್ಲಿ ಮತ್ತು ಉಪ್ಪಿಲಿನ ಕುರಿತ ಈ ಅರಿವನ್ನು ಅರಣ್ಯ ನಿರ್ವಹಣೆಗೆ ಉಪಯುಕ್ತವೆಂದು ಗಂಭೀರವಾಗಿ ಪರಿಶೀಲಿಸಿತು. ಪ್ರಬಂಧದ ತಲೆಯ ಮೇಲೆ ಸಂಶೋಧಕರ ಹೆಸರುಗಳಿವೆ, ಅದು ಪದ್ಧತಿ. ವಿವರಣೆ ಕೊಟ್ಟದ್ದು ಒಂದು ಸಮುದಾಯ. 2011ರಲ್ಲಿ, ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ ಅದೇ ವರ್ಷ, ಅಲ್ಲಿಯ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹಕ್ಕು ಸಮುದಾಯಕ್ಕೆ ಸಲ್ಲಬಹುದಾದರೆ ವಿಜ್ಞಾನದ ಗೌರವವೂ ಸಮುದಾಯಕ್ಕೆ ಸಲ್ಲಬಾರದೇಕೆ? ಇಂಗ್ಲೆಂಡಿನ ಹನ್ನೆರಡರ ಪಟ್ಟಿಯಲ್ಲಿಯೂ ಎರಡು ಕಡೆ ಜೋಡಿ ಹೆಸರುಗಳಿದ್ದವು. ಒಂದೇ ಮುಖವೆಂಬ ನಿಯಮ ಅಲ್ಲಿಯೇ ಸಡಿಲವಾಗಿತ್ತು. ಜಾನಕಿ ಅಮ್ಮಾಳ್ ಅವರ ಪಕ್ಕದಲ್ಲಿ ಒಂದು ಪೋಡು, ಒಂದು ನೆಲ್ಲಿ ಮರ ಬಂದರೆ ಚಿತ್ರ ತುಂಬುತ್ತದೆ.

ಯಾವ ಬೆಲೆಯ ನೋಟು ಎಂಬುದೂ ಮುಖ್ಯ. ಐವತ್ತು ಪೌಂಡಿನ ನೋಟನ್ನು ಇಂಗ್ಲೆಂಡಿನ ಬಡವರು ಕಾಣುವುದು ಅಪರೂಪ. ಗುಂಡ್ಲುಪೇಟೆಯ ಸಂತೆಯಲ್ಲಿ ಚೆಂಡುಹೂ ಮಾರಿದ ಕೈಗೂ ಸೊಪ್ಪು ಕೊಂಡ ಕೈಗೂ ತಪ್ಪದೆ ಬರುವುದು ಹತ್ತರ ನೋಟು. ಅದರ ಹಿಂಬದಿಯಲ್ಲಿ 1996ರಿಂದ ಆನೆ, ಹುಲಿ, ಖಡ್ಗಮೃಗಗಳ ತಲೆಗಳಿದ್ದವು. ಬಂಡೀಪುರದ ಸುತ್ತಿನವರಿಗೆ ಖಡ್ಗಮೃಗವೊಂದನ್ನು ಬಿಟ್ಟರೆ ಉಳಿದೆರಡು ನೆರೆಹೊರೆಯವು. 2018ರ ಹೊಸ ವಿನ್ಯಾಸದಲ್ಲಿ ಅವುಗಳ ಜಾಗಕ್ಕೆ ಕೋಣಾರ್ಕದ ಸೂರ್ಯ ದೇವಾಲಯ ಬಂದಿತು. ಪ್ರಾಣಿಯೂ ವಿಜ್ಞಾನಿಯೂ ಒಂದೇ ನೋಟಿನಲ್ಲಿ ಇರಲಾರರೆಂದಲ್ಲ: ಸ್ಕಾಟ್ಲೆಂಡಿನ ಒಂದು ಬ್ಯಾಂಕು 2017ರಲ್ಲಿ ತಂದ ಹತ್ತು ಪೌಂಡ್ ನೋಟಿನ ಒಂದು ಬದಿಗೆ ವಿಜ್ಞಾನಿ ಮೇರಿ ಸೋಮರ್‌ವಿಲ್, ಇನ್ನೊಂದು ಬದಿಗೆ ಎರಡು ನೀರುನಾಯಿಗಳಿವೆ. ಸೋಮರ್‌ವಿಲ್ ಅವರನ್ನು ಆರಿಸಿದ್ದು ಜನರ ಮತದಿಂದ.

ಆನೆ, ಹುಲಿಗಳಿರುವ ಹಳೆಯ ಹತ್ತರ ನೋಟು ಇಂದಿಗೂ ಸಂತೆಯಲ್ಲಿ ನಡೆಯುತ್ತದೆ. ಆದರೆ ಮಾಸಿ, ಮಡಿಕೆಗಳಲ್ಲಿ ಹರಿದು, ಒಂದೊಂದಾಗಿ ಬ್ಯಾಂಕಿಗೆ ಮರಳುತ್ತಿದೆ. ಹಾಗೆ ಮರಳಿದ್ದು ಮತ್ತೆ ಹೊರಗೆ ಬರುವುದಿಲ್ಲ.